ನಗೆ ಕಾದಂಬರಿಯನ್ನು ಅಪರಿಚಿತರ ಕೈಗೆ ಕೊಟ್ಟು ಸುತ್ತಿಸುವುದು: ನನ್ನ ಅನುಭವ

ಅಂಚೆಯಲ್ಲಿ ಒಬ್ಬ ಓದುಗರಿಂದ ಇನ್ನೊಬ್ಬರಿಗೆ ಸುತ್ತುವ ಹಾಸ್ಯ ಕಾದಂಬರಿ ನಡುದಾರಿಯಲ್ಲಿ ನಿಂತುಹೋಗುವುದು ಬಹುಪಾಲು ಮುಜುಗರದಿಂದ. "ಎಲ್ಲರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕರಂತೆ, ನನಗೆ ಮಾತ್ರ ನಗು ಬರಲಿಲ್ಲ" ಎಂದು ಹೇಳಿಕೊಳ್ಳಲು ಯಾರಿಗೆ ಮನಸ್ಸಾದೀತು? ಇನ್ನೊಮ್ಮೆ ಓದಿ ನೋಡೋಣ ಎಂದು ಎತ್ತಿಟ್ಟ ಪ್ರತಿ ತಿಂಗಳುಗಟ್ಟಲೆ ಅಲ್ಲೇ ಉಳಿಯುತ್ತದೆ. ಆದ್ದರಿಂದ ನನ್ನ ಮೊದಲ ನಿಯಮ ಇದು: ಮೊದಲ 40 ಪುಟ ಓದಿ, ಹಿಡಿಸದಿದ್ದರೆ ಮುಂದಕ್ಕೆ ಕಳಿಸಿ, ಕಾರಣ ಹೇಳಬೇಕಿಲ್ಲ. 40 ಪುಟ ಏಕೆಂದರೆ ಕಾದಂಬರಿಯ ಹಾಸ್ಯ ಪಾತ್ರಗಳ ಪರಿಚಯವಾದ ಮೇಲೇ ಕಳೆಗಟ್ಟುವುದು.

ಪ್ರತಿಯನ್ನು ಆರಿಸುವಾಗ ತೂಕ ಮತ್ತು ಬೈಂಡಿಂಗ್ ನೋಡಬೇಕು. ಕಾದಂಬರಿಗಳಿಗೆ ಸಾಮಾನ್ಯವಾಗಿ ಬಳಸುವ ಡೆಮಿ ಅಷ್ಟಾಂಶ ಆಕಾರದಲ್ಲಿ, 70 ಜಿಎಸ್ಎಂ (ಚದರ ಮೀಟರಿಗೆ 70 ಗ್ರಾಂ) ಕಾಗದದಲ್ಲಿ ಅಚ್ಚಾದ 200 ಪುಟದ ಪುಸ್ತಕ ರಕ್ಷಾಪುಟ ಸೇರಿ ಸುಮಾರು 230 ಗ್ರಾಂ ತೂಗುತ್ತದೆ. ರಟ್ಟು, ಕವರು ಎಲ್ಲ ಸೇರಿದರೂ 300 ಗ್ರಾಂ ದಾಟುವುದಿಲ್ಲ. 240 ಪುಟಕ್ಕೆ ಹೋದರೆ ದಾಟುತ್ತದೆ, ಅಂಚೆ ದರವೂ ಮೇಲಿನ ಹಂತಕ್ಕೆ ಹೋಗುತ್ತದೆ. ಬೆನ್ನಿನ ತುದಿಯನ್ನು ಮೇಲಿನಿಂದ ನೋಡಿದಾಗ ಮಡಿಸಿದ ಹಾಳೆಗಳ ಕಟ್ಟು ಕಂಡರೆ ಅದು ಹೊಲಿಗೆಯದ್ದು. ಹೀಗೆ ಸುತ್ತುವ ಪ್ರತಿಗೆ ಅದೇ ಬೇಕು. ಬರೀ ಅಂಟಿನ ಬೈಂಡಿಂಗ್ ಆದರೆ ಮೂರು ನಾಲ್ಕು ಕೈ ದಾಟುವಷ್ಟರಲ್ಲಿ ನಡುವಿನ ಹಾಳೆಗಳು ಕಳಚುತ್ತವೆ. ಅಂಗಡಿಯಲ್ಲಿ ಮತ್ತೆ ಸಿಗದ ಹಳೆಯ ಮುದ್ರಣವನ್ನು ಸುತ್ತಲು ಬಿಡಲೇಬಾರದು. ಸಿಗುವ ಪುಸ್ತಕವಾದರೆ ಎರಡು ಪ್ರತಿ ಕೊಂಡು, ಒಂದನ್ನು ಮನೆಯಲ್ಲಿಟ್ಟುಕೊಳ್ಳುವುದು ಕ್ಷೇಮ.

ಕಳಿಸುವ ಮುಂಚೆ ಶಾಲೆಯ ಪುಸ್ತಕಕ್ಕೆ ಹಾಕುವಂತೆಯೇ ಖಾಕಿ ಬೈಂಡ್ ಹಾಕುತ್ತೇನೆ. ಕಳಚಿದ ಹಾಳೆಗೆ ಸೆಲೋಟೇಪ್ ಹಚ್ಚಬಾರದು. ವರ್ಷ ಕಳೆದರೆ ಅದು ಹಳದಿಗಟ್ಟಿ, ಅಂಟು ಬಿಟ್ಟು ಪಕ್ಕದ ಪುಟವನ್ನೂ ಹಿಡಿಯುತ್ತದೆ. ಹಾಳೆಯ ಒಳಅಂಚಿಗೆ 2 ಮಿ.ಮೀ. ಅಗಲದಷ್ಟು ಫೆವಿಕಾಲ್ ತೆಳ್ಳಗೆ ಸವರಿ, ಜಾಗಕ್ಕೆ ಕೂರಿಸಿ, ರಾತ್ರಿಯಿಡೀ ಭಾರದ ಕೆಳಗಿಟ್ಟರೆ ನಿಲ್ಲುತ್ತದೆ.

ಇನ್ನು ಗೆರೆ ಹಾಕುವ ವಿಷಯ. ಗಂಭೀರ ಪುಸ್ತಕದಲ್ಲಿ ಹಿಂದಿನ ಓದುಗರ ಅಡಿಗೆರೆ ಜೊತೆ ಕೊಡಬಹುದು, ಹಾಸ್ಯದಲ್ಲಿ ಅದು ಕೊಲೆ. ಎಡಪುಟದಲ್ಲಿ ಯಜಮಾನರು ಅಳಿಯನ ಮುಂದೆ ತಮ್ಮ ಮನೆತನದ ಶಿಸ್ತನ್ನು ಹೊಗಳುತ್ತಿದ್ದಾರೆ, ಬಲಪುಟದ ಕೆಳಗೆ ಅವರೇ ಅಡುಗೆಮನೆಯಲ್ಲಿ ಚಕ್ಕುಲಿ ಡಬ್ಬದ ಸಮೇತ ಸಿಕ್ಕಿಬೀಳುತ್ತಾರೆ ಎಂದಿಟ್ಟುಕೊಳ್ಳಿ. ಆ ಕೊನೆಯ ಸಾಲಿನ ಪಕ್ಕ ಯಾರೋ "ಹ್ಹಹ್ಹ" ಎಂದು ಬರೆದಿದ್ದರೆ ಪುಟ ತೆರೆದ ಕೂಡಲೇ ಕಣ್ಣು ಅಲ್ಲಿಗೇ ಹೋಗುತ್ತದೆ. ಒಂದೂವರೆ ಪುಟದ ಸಿದ್ಧತೆಯೆಲ್ಲ ವ್ಯರ್ಥ. ಪೆನ್ಸಿಲ್ ಗುರುತೂ ಬೇಡ. ಬದಲಿಗೆ ಹಿಂದಿನ ರಟ್ಟಿನ ಒಳಗೆ ಒಂದು ಲಕೋಟೆ ಅಂಟಿಸಿ, "ಓದಿ ಮುಗಿದ ಮೇಲೆ ತೆರೆಯಿರಿ" ಎಂದು ಬರೆದಿಡುತ್ತೇನೆ. ಒಳಗೆ ಚೀಟಿಗಳು: ಪುಟ ಸಂಖ್ಯೆ, ಎರಡು ಸಾಲು ಅನಿಸಿಕೆ, ಅಷ್ಟೆ. ಓದಿ ಮುಗಿಸಿದವರಿಗೆ ಬೇರೆಯವರು ಎಲ್ಲಿ ನಕ್ಕರು ಎಂದು ನೋಡುವುದೇ ಎರಡನೇ ಓದು.

ಉತ್ತರ ಕರ್ನಾಟಕದ ಮಾತಿನಲ್ಲಿರುವ ಕಾದಂಬರಿ ಮೈಸೂರು, ಮಂಗಳೂರಿನ ಓದುಗರಿಗೆ ಹೋಗುವುದಾದರೆ ಹತ್ತು ಹದಿನೈದು ಪದಗಳ ಅರ್ಥ ಬರೆದ ಚೀಟಿಯನ್ನು ಮೊದಲ ಪುಟದಲ್ಲೇ ಇಡಿ. ಲಗೂ, ಖರೇ, ಅಡ್ನಾಡಿ ಇಂಥವು. ಪದದ ಅರ್ಥ ಸಾಕು, ಜೋಕನ್ನು ವಿವರಿಸಬೇಡಿ. ಹಳೆಯ ಹಾಸ್ಯದಲ್ಲಿ ಹೆಂಡತಿಯನ್ನೋ ಜಾತಿಯನ್ನೋ ಆಡಿಕೊಳ್ಳುವ ಸಾಲುಗಳಿದ್ದರೆ ಓದುಗರ ಹೆಸರು ಬರೆದುಕೊಳ್ಳುವಾಗಲೇ ತಿಳಿಸಿಬಿಡಬೇಕು. ಗುರುತಿಲ್ಲದವರಲ್ಲಿ ಯಾರಿಗೆ ಯಾವುದು ನಾಟುತ್ತದೋ ನಮಗೆ ಗೊತ್ತಾಗುವುದಿಲ್ಲ.

ಒಂದು ಸುತ್ತಿನಲ್ಲಿ 8 ಮಂದಿ. ತಲಾ 3 ವಾರ ಓದಲು, 1 ವಾರ ಅಂಚೆಗೆ ಎಂದು ಹಿಡಿದರೆ ಏಳೂವರೆ ತಿಂಗಳಾಗುತ್ತದೆ. ಅದಕ್ಕಿಂತ ಉದ್ದವಾದರೆ ಕೊನೆಯವರು ಹೆಸರು ಕೊಟ್ಟದ್ದನ್ನೇ ಮರೆತಿರುತ್ತಾರೆ, ಇಲ್ಲವೇ ಮನೆ ಬದಲಿಸಿರುತ್ತಾರೆ. ಸರದಿಯನ್ನು ಊರಿನ ದಾರಿ ನೋಡಿ ಮಾಡುವುದಕ್ಕಿಂತ ಜನ ನೋಡಿ ಮಾಡುವುದು ಮೇಲು. ಹೊಸಬರ ನಂತರ ಹಳಬರೊಬ್ಬರನ್ನು ಹಾಕಿದರೆ, ಕಾಯುತ್ತಿರುವ ಅವರೇ ನಯವಾಗಿ ಕೇಳಿ ತರಿಸಿಕೊಳ್ಳುತ್ತಾರೆ. ವಿದ್ಯಾರ್ಥಿಗಳ ಸರದಿ ಪರೀಕ್ಷೆಯ ತಿಂಗಳಿಗೆ ಬೀಳದಂತೆ ನೋಡಿಕೊಳ್ಳಿ.

ವಿಳಾಸಗಳ ಪಟ್ಟಿಯನ್ನು ಯಾವ ಕಾರಣಕ್ಕೂ ಪುಸ್ತಕದೊಳಗೆ ಇಡಬೇಡಿ, ಓದುಗರ ಗುಂಪಿಗೂ ಹಾಕಬೇಡಿ. ಮುಂದಿನವರ ವಿಳಾಸ ಹಿಂದಿನವರೊಬ್ಬರಿಗೆ ಮಾತ್ರ ಹೋಗಬೇಕು. ಮನೆ ವಿಳಾಸ ಕೊಡಲು ಹಿಂಜರಿಯುವ ಹೆಣ್ಣುಮಕ್ಕಳು ಆಫೀಸಿನದ್ದೋ ಪರಿಚಯದ ಅಂಗಡಿಯದ್ದೋ ಕೊಡಬಹುದು. ಪೊಟ್ಟಣದ ಮೇಲೆ "ಇಂದ" ಎಂಬಲ್ಲಿ ಪ್ರತಿ ಸಲವೂ ನನ್ನ ವಿಳಾಸವನ್ನೇ ಬರೆಸುತ್ತೇನೆ. ತಲುಪದ ಪುಸ್ತಕ ನನಗೇ ಮರಳುತ್ತದೆ, ಕಳಿಸಿದವರ ಮನೆಯೂ ಗುಟ್ಟಾಗಿರುತ್ತದೆ.

ಪುಸ್ತಕ ಕಳಿಸುವವರಿಗೆ ಅಗ್ಗವಾಗಿದ್ದ ರಿಜಿಸ್ಟರ್ಡ್ ಬುಕ್ ಪೋಸ್ಟ್ 2024ರ ಡಿಸೆಂಬರಿನಲ್ಲಿ ನಿಂತಿತು. 2025ರ ಮೇ 1ರಿಂದ ಜ್ಞಾನ ಪೋಸ್ಟ್ ಬಂದಿದೆ. ಶುರುವಾದಾಗಿನ ದರ 300 ಗ್ರಾಂವರೆಗೆ ₹20, 5 ಕೆ.ಜಿ.ಗೆ ₹100, ಮೇಲೆ ತೆರಿಗೆ. ನೆಲದ ದಾರಿಯಲ್ಲೇ ಹೋಗುತ್ತದೆ, ಆದರೆ ಟ್ರ್ಯಾಕಿಂಗ್ ಇದೆ. ಪುಸ್ತಕದಲ್ಲಿ ಪ್ರಕಾಶಕರ ಅಥವಾ ಮುದ್ರಕರ ಹೆಸರಿರಬೇಕು, ಜಾಹೀರಾತಿನ ಸರಕಾಗಿರಬಾರದು. ಕೌಂಟರಿನಲ್ಲಿ ಒಳಗೇನಿದೆ ಎಂದು ಕೇಳಬಹುದು, ಆದ್ದರಿಂದ ಒಂದು ಬದಿ ತೆರೆದೇ ಒಯ್ದು, ತೋರಿಸಿ, ಅಲ್ಲೇ ಅಂಟಿಸುವುದು ಒಳ್ಳೆಯದು. ಖಾಸಗಿ ಪತ್ರ ಒಳಗಿಡಬೇಡಿ. ಬಸ್ ನಿಲ್ದಾಣಕ್ಕೆ ಹೋಗಿ ಬಿಡಿಸಿಕೊಳ್ಳಬಲ್ಲವರಿಗೆ ಕೆಎಸ್ಆರ್‌ಟಿಸಿಯ ಕಾರ್ಗೋ ಕೂಡ ಇದೆ. ವಿದೇಶದ ಕನ್ನಡಿಗರಿಗೆ ಮಾತ್ರ ಇದು ಹೊಂದುವುದಿಲ್ಲ, ಅಂಚೆ ಖರ್ಚು ಪುಸ್ತಕದ ಬೆಲೆಯನ್ನು ಎಷ್ಟೋ ಪಟ್ಟು ಮೀರುತ್ತದೆ. ಊರಿಗೆ ಬಂದು ಹೋಗುವವರ ಕೈಯಲ್ಲಿ ಒಂದು ಪ್ರತಿ ಕಳಿಸಿ, ಅಲ್ಲಿಯೇ ಪ್ರತ್ಯೇಕ ಸುತ್ತು ನಡೆಸಲಿ.

ಕಟ್ಟುವ ಕ್ರಮ: ಪುಸ್ತಕಕ್ಕೆ ಮೊದಲು ಪ್ಲಾಸ್ಟಿಕ್ ಕವರು, ಆಮೇಲೆ ಎರಡೂ ಬದಿಗೆ ಪುಸ್ತಕಕ್ಕಿಂತ ಅರ್ಧ ಸೆಂ.ಮೀ. ದೊಡ್ಡದಾದ ರಟ್ಟು, ಆಮೇಲೆ ಕಂದು ಕವರು. ರಟ್ಟು ಸರಿಸಮವಾಗಿದ್ದರೆ ಮೂಲೆಗಳು ನುಗ್ಗಾಗುತ್ತವೆ. ಬಿಗಿಯಾಗಿ ಕಟ್ಟಿದ ದಾರ ಅಂಚನ್ನು ಕೊರೆಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡು, ಕರಾವಳಿಯ ಕಡೆಗೆ ಪ್ಲಾಸ್ಟಿಕ್ ಇಲ್ಲದೆ ಕಳಿಸಲೇಬೇಡಿ. ವಿಳಾಸವನ್ನು ಬಾಲ್‌ಪೆನ್ನಿನಲ್ಲಿ ಬರೆಯಿರಿ, ಜೆಲ್ ಪೆನ್ನಿನದ್ದು ಹನಿ ಬಿದ್ದರೆ ಹರಡುತ್ತದೆ. ಖಾಲಿ ಕಂದು ಕವರೊಂದನ್ನು ಮಡಿಸಿ ಒಳಗಿಡಿ. ಇಲ್ಲದಿದ್ದರೆ ಮುಂದೆ ಕಳಿಸುವವರು ಕವರು ಹುಡುಕುವ ನೆಪದಲ್ಲೇ ಎರಡು ವಾರ ಕಳೆದುಬಿಡುತ್ತಾರೆ.

ನೆನಪಿಸುವುದು 18ನೇ ದಿನ. "ಓದಿ ಮುಗಿಯಿತೇ?" ಎಂದು ಕೇಳಿದರೆ ಮೊದಲು ಹೇಳಿದ ಮುಜುಗರವೇ ಕಾಡಿ, ಉತ್ತರವೇ ಬರುವುದಿಲ್ಲ. "ಅಂಚೆಗೆ ಹಾಕಲು ಏನಾದರೂ ತೊಂದರೆ ಇದೆಯೇ?" ಎಂದು ಕೇಳಿ. ತೊಂದರೆ ಇದ್ದರೆ ಹೇಳುತ್ತಾರೆ, ಇಲ್ಲದಿದ್ದರೆ ಒಂದೆರಡು ದಿನದಲ್ಲಿ ಟ್ರ್ಯಾಕಿಂಗ್ ಸಂಖ್ಯೆ ಬರುತ್ತದೆ. ಐದು ವಾರ ದಾಟಿದರೂ ಸದ್ದಿಲ್ಲವೆಂದರೆ ಮನೆಯಲ್ಲಿಟ್ಟ ಎರಡನೇ ಪ್ರತಿಯನ್ನು ನೇರ ಮುಂದಿನವರಿಗೆ ಕಳಿಸಿ, ನಿಲ್ಲಿಸಿಕೊಂಡವರಿಗೆ "ನಿಮ್ಮ ಪ್ರತಿಯನ್ನು ಆದಾಗ ನನಗೇ ಕಳಿಸಿ" ಎಂದು ಒಂದು ಸಾಲು ಬರೆದರಾಯಿತು.