ಕತ್ತಿನ ಮೇಲೆ ಕಾನೂನು, ಕೆಳಗೆ ನಿಮ್ಮಿಷ್ಟ

"ಕೋವಿಗೇ ಲೈಸೆನ್ಸ್ ಕೇಳದ ಊರಲ್ಲಿ ತಲೆಗೆ ಹೆಲ್ಮೆಟ್ ಎಲ್ಲಿ ಅಂತಾರಲ್ಲ, ಇದ್ಯಾವ ನ್ಯಾಯ ಮಾರಾಯರೆ?" ಕೊಡಗಿನ ಮೂರ್ನಾಡು ಪೇಟೆಯಲ್ಲಿ ದಂಡದ ರಸೀದಿ ಹಿಡಿದುಕೊಂಡು ಪಕ್ಕದ ತೋಟದ ಹಿರಿಯರು ಕೇಳಿದ್ದು. ಸೇನೆಯಲ್ಲಿದ್ದು ನಿವೃತ್ತರಾದವರು, ಹಳೆಯ ಬುಲೆಟ್ ಬಿಟ್ಟು ಬೇರೆ ಗಾಡಿ ಹತ್ತಿದವರಲ್ಲ.

ಕೊಡವರಿಗೂ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ವಿನಾಯಿತಿ ಇರುವುದು ನಿಜ. ಹೆಲ್ಮೆಟ್ಟಿನ ವಿಷಯಕ್ಕೆ ಬಂದರೆ, 1988ರ ಮೋಟಾರು ವಾಹನ ಕಾಯ್ದೆಯ 129ನೇ ಕಲಂ ಪೇಟ ಧರಿಸಿದ ಸಿಖ್ಖರಿಗೆ ಹೆಸರು ಹೇಳಿಯೇ ವಿನಾಯಿತಿ ಕೊಟ್ಟಿದೆ. ನಮ್ಮ ಕೊಡವ ಪೇಟ ಮಂಡೆತುಣಿ ಆ ಲೆಕ್ಕಕ್ಕೆ ಬರುವುದಿಲ್ಲ. 2019ರ ತಿದ್ದುಪಡಿ ದಂಡವನ್ನು 1,000 ರೂಪಾಯಿಗೆ ಏರಿಸಿ, ಮೂರು ತಿಂಗಳು ಡಿಎಲ್ ಅಮಾನತಿನ ಮಾತನ್ನೂ ಸೇರಿಸಿತು. ಕರ್ನಾಟಕ ಅದೇ ವರ್ಷ ದಂಡವನ್ನು 500ಕ್ಕೆ ಇಳಿಸಿತು.

ಹಿರಿಯರ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಗಿ ಬಂದದ್ದೇ. ಆಂಧ್ರಪ್ರದೇಶದ ಹೆಲ್ಮೆಟ್ ನಿಯಮ ಓಡಾಡುವ ಸ್ವಾತಂತ್ರ್ಯಕ್ಕೆ ಅಡ್ಡಿ ಎಂಬ ವಾದವನ್ನು ಕೋರ್ಟು 1988ರಲ್ಲೇ ತಳ್ಳಿಹಾಕಿತು. ತಲೆ ಒಡೆದೀತೆಂಬ ಭಯವಿಲ್ಲದೆ ಓಡಾಡಲು ಅದು ನೆರವಾಗುತ್ತದೆಯೇ ಹೊರತು ಓಡಾಟವನ್ನು ಕಟ್ಟಿಹಾಕುವುದಿಲ್ಲ ಎಂಬುದು ತೀರ್ಪಿನ ಸಾರ. ಒಪ್ಪುವುದು ಬಿಡುವುದು ನಿಮಗೆ ಸೇರಿದ್ದು. ನನಗೆ ಕುತೂಹಲ ಇರುವುದು ಬೇರೆ ಕಡೆ: ಕಾನೂನು ಕತ್ತಿಗೆ ಬಂದು ನಿಂತುಬಿಡುತ್ತದೆ. ಕೈಗವಸು, ಜಾಕೆಟ್, ಬೂಟು ಹಾಕಿದಿರಾ ಎಂದು ಯಾವ ಚೆಕ್‌ಪೋಸ್ಟಿನಲ್ಲೂ ಕೇಳುವುದಿಲ್ಲ. ಸ್ವಾತಂತ್ರ್ಯ ಬೇಕೆನ್ನುವವರಿಗೆ ಅಲ್ಲಿ ಧಾರಾಳವಾಗಿದೆ. ಅದನ್ನು ನಮ್ಮ ಮಳೆ, ಮಂಜು, ಘಾಟಿಗೆ ತಕ್ಕಂತೆ ಬಳಸುವುದು ಹೇಗೆ? ತಲೆಯಿಂದಲೇ ಶುರು ಮಾಡೋಣ.

1. ಅಂಗಡಿಗೆ ಮುಂಚೆ ಟೇಪು

ದರ್ಜಿಯ ಟೇಪನ್ನು ಹುಬ್ಬಿನಿಂದ ಒಂದು ಇಂಚು ಮೇಲೆ, ಹಿಂದಲೆಯ ಉಬ್ಬಿನ ಮೇಲೆ ಹಾಯುವಂತೆ ಸುತ್ತಿ. 58 ಸೆಂ.ಮೀ. ಬಂದರೆ ಸಾಮಾನ್ಯವಾಗಿ ಮೀಡಿಯಂ, ಆದರೆ ಕಂಪನಿಯಿಂದ ಕಂಪನಿಗೆ ವ್ಯತ್ಯಾಸವುಂಟು. ಆನ್‌ಲೈನಿನಲ್ಲಿ ಬಣ್ಣ ನೋಡಿ ತರಿಸುವುದಕ್ಕಿಂತ ಮಡಿಕೇರಿಗೋ ಕುಶಾಲನಗರಕ್ಕೋ ಹೋಗಿ ತಲೆಗೆ ಹಾಕಿ ನೋಡುವುದು ಮೇಲು.

2. ಗುರುತು, ಮತ್ತು ಒಳಗಿನ ಥರ್ಮಾಕೋಲ್

ಹಿಂಭಾಗದಲ್ಲಿ ಐಎಸ್‌ಐ ಗುರುತು, ಅದರ ಮೇಲೆ ಹೆಲ್ಮೆಟ್ ಮಾನದಂಡದ ಸಂಖ್ಯೆ ಐಎಸ್ 4151, ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆ ಇರಬೇಕು. ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಅಸಲಿಯೋ ನಕಲಿಯೋ ತಿಳಿಯುತ್ತದೆ. 2021ರ ಜೂನ್ 1ರಿಂದ ಈ ಗುರುತಿಲ್ಲದ ದ್ವಿಚಕ್ರ ಹೆಲ್ಮೆಟ್ ಮಾರುವುದೇ ತಪ್ಪು. ಹೆದ್ದಾರಿ ಬದಿಯಲ್ಲಿ ಹಗ್ಗಕ್ಕೆ ಪೋಣಿಸಿ ಮಾರುವ ಅರ್ಧ ಟೋಪಿಗಳಲ್ಲಿ ಸ್ಟಿಕ್ಕರ್ ಇದ್ದರೂ ಒಳಗೆ ಬೆರಳಿನಿಂದ ಒತ್ತಿ ನೋಡಿ, ಬರೀ ಸ್ಪಂಜು ಸಿಕ್ಕರೆ ಹಿಂದಕ್ಕೆ ಕೊಡಿ. ಪೆಟ್ಟು ತಿನ್ನುವುದು ಹೊರಚಿಪ್ಪಲ್ಲ, ಒಳಗಿನ ದಪ್ಪ ಥರ್ಮಾಕೋಲ್ ಪದರ. ಅದು ತಾನು ಜಜ್ಜಿಹೋಗಿ ಮಿದುಳಿಗೆ ತಲುಪುವ ಹೊಡೆತವನ್ನು ತಗ್ಗಿಸುತ್ತದೆ.

ಹೆಲ್ಮೆಟ್ಟಿನ ಮಹತ್ವ ತೋರಿಸಿಕೊಟ್ಟದ್ದರಲ್ಲಿ ಸೇನೆಯ ಪಾಲೂ ಇದೆ ಎಂದು ಹಿರಿಯರಿಗೆ ಹೇಳಿದಾಗ ಅವರ ಮುಖ ಸ್ವಲ್ಪ ಸಡಿಲವಾಯಿತು. 1935ರಲ್ಲಿ ಬೈಕಿನಿಂದ ಬಿದ್ದು ತೀರಿಕೊಂಡ, ‘ಲಾರೆನ್ಸ್ ಆಫ್ ಅರೇಬಿಯಾ’ ಎಂದೇ ಹೆಸರಾದ ಬ್ರಿಟಿಷ್ ಸೇನಾಧಿಕಾರಿ ಟಿ. ಇ. ಲಾರೆನ್ಸ್‌ಗೆ ಚಿಕಿತ್ಸೆ ಕೊಟ್ಟ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ನರಶಸ್ತ್ರಚಿಕಿತ್ಸಕರೂ ಇದ್ದರು. ಮುಂದೆ ಅವರು ಬ್ರಿಟಿಷ್ ಸೇನೆಯಲ್ಲಿ ಸಂದೇಶ ಒಯ್ಯುವ ಬೈಕ್ ಸವಾರರ ತಲೆಪೆಟ್ಟುಗಳನ್ನು ಅಭ್ಯಸಿಸಿ, 1941ರಲ್ಲಿ ಹೆಲ್ಮೆಟ್ ಯಾಕೆ ಬೇಕೆಂದು ಬರೆದರು. ಲೋಕದ ಹಲವು ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದ ಕಾಕ್ರೇನ್ ಪರಿಶೀಲನೆಯ ಪ್ರಕಾರ ಹೆಲ್ಮೆಟ್ ಸಾವಿನ ಅಪಾಯವನ್ನು ಶೇ 42, ತಲೆಪೆಟ್ಟಿನ ಅಪಾಯವನ್ನು ಶೇ 69ರಷ್ಟು ಕಡಿಮೆ ಮಾಡುತ್ತದೆ. ತಲೆಪೆಟ್ಟಿಗೆ ದೊಡ್ಡ ಆಸ್ಪತ್ರೆ ಹುಡುಕಿ ಹೋಗುವುದಾದರೆ ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿ.ಮೀ. ಎಂಬುದನ್ನೂ ಈ ಲೆಕ್ಕದ ಪಕ್ಕ ಇಟ್ಟುಕೊಳ್ಳಿ.

3. ಹಾಕಿ, ಅಲ್ಲಾಡಿಸಿ

ಹೊಸ ಹೆಲ್ಮೆಟ್ ಕೆನ್ನೆಯನ್ನು ಒತ್ತಬೇಕು, ಹಣೆಯನ್ನು ನೋಯಿಸಬಾರದು. ಪಟ್ಟಿ ಬಿಗಿದು ಹಿಂಭಾಗದಿಂದ ಮುಂದಕ್ಕೆ ಮಗುಚಲು ನೋಡಿ. ಕಳಚಿ ಬಂದರೆ ಸೈಜು ದೊಡ್ಡದು. ಪಟ್ಟಿ ಮತ್ತು ಗದ್ದದ ನಡುವೆ ಎರಡು ಬೆರಳಿಗಿಂತ ಹೆಚ್ಚು ಜಾಗ ಬೇಡ. ತುರುಬು, ದೊಡ್ಡ ಕ್ಲಿಪ್ಪು ಇದ್ದರೆ ಹೆಲ್ಮೆಟ್ ಮುಂದಕ್ಕೆ ವಾಲುತ್ತದೆ, ಬಿದ್ದಾಗ ಆ ಕ್ಲಿಪ್ಪೇ ಚುಚ್ಚುತ್ತದೆ. ಮದುವೆಮನೆಗೆ ಹೊರಟವರು ಜಡೆಯನ್ನು ಕತ್ತಿನ ಕೆಳಗೆ ಇಳಿಬಿಟ್ಟು, ಹೂವನ್ನು ಚೀಲದಲ್ಲಿಟ್ಟುಕೊಂಡು ಹೋಗಬಹುದು.

4. ಹಿಂದೆ ಕೂತವರು

ಕರ್ನಾಟಕದಲ್ಲಿ 2016ರ ಜನವರಿಯಿಂದ ಹಿಂಬದಿ ಸವಾರರಿಗೂ ಕಡ್ಡಾಯ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಗುವಿಗೂ ಅದರ ತಲೆಗೆ ಹೊಂದುವ ಹೆಲ್ಮೆಟ್ ಬೇಕು. ನಾಲ್ಕರೊಳಗಿನ ಮಗುವನ್ನು ಸವಾರನಿಗೆ ಬಿಗಿಯುವ ಬೆಲ್ಟ್ ಇರಬೇಕು, ವೇಗ 40 ಕಿ.ಮೀ. ಮೀರಬಾರದು. ಇದು 2023ರ ಫೆಬ್ರವರಿಯಿಂದ ಜಾರಿಯಲ್ಲಿದೆ. ಹಿಂದೆ ಕೂತು ಕೊಡೆ ಬಿಚ್ಚುವ ಸಾಹಸಕ್ಕೆ ಯಾವ ಕಲಂ ಎಂದು ನಾನು ಹುಡುಕಲು ಹೋಗಿಲ್ಲ. ಗಾಳಿ ಹೊಡೆದರೆ ಹ್ಯಾಂಡಲ್ ತಿರುಗಿಬಿಡುತ್ತದೆ, ಅಷ್ಟು ಸಾಕು.

5. ಮಂಜು

ಜುಲೈಯಲ್ಲಿ ಸಂಪಾಜೆ ಘಾಟಿ ಇಳಿಯುವಾಗ ಗಾಜಿನ ಹೊರಗೂ ಮಂಜು, ಒಳಗೂ ಮಂಜು. ಕಪ್ಪು ಗಾಜು ಇದ್ದರೆ ತೆಗೆಸಿ ಬಿಳಿಯದು ಹಾಕಿಸಿ. ಪಿನ್‌ಲಾಕ್ ಎಂಬ ಒಳಪದರ ಕೂರುವ ಗಾಜು ಸಿಕ್ಕರೆ ಬಹಳ ಒಳ್ಳೆಯದು. ಸಿಗದಿದ್ದರೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಒಳಗೆ ಸವರಿ, ಮೆತ್ತನೆಯ ಬಟ್ಟೆಯಿಂದ ಕಲೆ ಉಳಿಯದಂತೆ ಒರೆಸಿ. ಒಂದೆರಡು ದಿನ ತಡೆಯುತ್ತದೆ. ಆಮೇಲೂ ಮಬ್ಬಾದರೆ ಗಾಜನ್ನು ಒಂದು ಹಲ್ಲು ಮೇಲೆತ್ತಿ ನಿಧಾನಕ್ಕೆ ಹೋಗಿ.

6. ಕತ್ತಿನ ಕೆಳಗೆ

ಎರಡು ಮಳೆಗಾಲದ ಹಿಂದೆ ನಾಪೋಕ್ಲು ರಸ್ತೆಯ ತಿರುವಿನಲ್ಲಿ ಕೊಳೆತ ಎಲೆಯ ಮೇಲೆ ಚಕ್ರ ಜಾರಿ ಬಿದ್ದೆ. ವೇಗ ಮೂವತ್ತೂ ಇರಲಿಲ್ಲ. ತಲೆಗೆ ಏನೂ ಆಗಲಿಲ್ಲ, ಅಂಗೈ ಚರ್ಮ ಸುಲಿದು ಒಂದು ತಿಂಗಳು ಅನ್ನ ಕಲಸಲಾಗಲಿಲ್ಲ. ಬೀಳುವಾಗ ಯಾರೇ ಆದರೂ ಮೊದಲು ಕೈ ಊರುತ್ತಾರೆ. ಹಾಗಾಗಿ ದುಡ್ಡು ಕಡಿಮೆ ಇದ್ದರೆ ಹೆಲ್ಮೆಟ್ಟಿನ ನಂತರ ಮೊದಲ ಖರ್ಚು ಕೈಗವಸು: ಅಂಗೈಯಲ್ಲಿ ಗಟ್ಟಿ ಪಟ್ಟಿ, ಮಣಿಕಟ್ಟಿಗೆ ಬಿಗಿಯುವ ಪಟ್ಟಿ ಇರುವಂಥದ್ದು. ಉಲ್ಲನ್ ಗವಸು ಚಳಿಗೆ ಸರಿ, ಡಾಂಬರಿಗಲ್ಲ.

ಎರಡನೆಯದು ಕಾಲು. ತೋಟದಿಂದ ಗಮ್‌ಬೂಟಿನಲ್ಲೇ ಬೈಕ್ ಹತ್ತುವುದು ನಮ್ಮ ಅಭ್ಯಾಸ. ಹವಾಯಿ ಚಪ್ಪಲಿಗಿಂತ ವಾಸಿ, ಜಿಗಣೆಗೂ ಒಳ್ಳೆಯದು. ಆದರೆ ಅದರ ಮೆತ್ತನೆಯ ಕೊಳವೆ ಹರಡನ್ನು ಕಾಯುವುದಿಲ್ಲ, ಸಡಿಲವಿದ್ದರೆ ಗೇರಿಗೆ ಸಿಕ್ಕಿಕೊಳ್ಳುತ್ತದೆ. ಪೇಟೆಗೆ ಹೋಗುವಾಗ ಹರಡು ಮುಚ್ಚುವ, ಲೇಸು ಒಳಗೆ ಸಿಕ್ಕಿಸಿದ ಬೂಟು ಹಾಕಿ.

ಜಾಕೆಟ್ಟಿಗೆ ಬಂದರೆ, ಭುಜ ಮತ್ತು ಮೊಣಕೈಯ ರಕ್ಷಣಾ ತುಂಡುಗಳನ್ನು ಹೊರಗೆ ತೆಗೆದು ಅವುಗಳ ಮೇಲೆ ಯುರೋಪಿನ ಸಿಇ ಗುರುತು, ಅಲ್ಲಿನ ಮಾನದಂಡ ಇಎನ್ 1621 ಎಂಬ ಅಚ್ಚು ಇದೆಯೇ ನೋಡಿ. ಬೆನ್ನಿನ ಜೇಬಿನಲ್ಲಿ ಅನೇಕ ಕಂಪನಿಗಳು ಬರೀ ಫೋಮ್ ತುರುಕಿರುತ್ತವೆ, ಬೆನ್ನಿನ ರಕ್ಷಣಾ ತುಂಡನ್ನು ಬೇರೆಯಾಗಿ ಕೊಳ್ಳಬೇಕಾಗುತ್ತದೆ. ಬಲೆಬಲೆಯ ಜಾಕೆಟ್ ಮಾರ್ಚಿಗೆ ಹಿತ. ಮಳೆಗಾಲದಲ್ಲಿ ಅದರ ಮೇಲೆ ಒಂದು ಸೈಜು ದೊಡ್ಡ ರೈನ್‌ಕೋಟ್ ಹಾಕಿ, ಹಳದಿಯೋ ಕಿತ್ತಳೆಯೋ ಆದರೆ ಒಳ್ಳೆಯದು. ಮಂಜಿನಲ್ಲಿ ಕಪ್ಪು ಕೋಟಿನವರು ಎದುರಿನ ಪಿಕಪ್ ಡ್ರೈವರಿಗೆ ಕಾಣುವುದೇ ಇಲ್ಲ. ಮಾಮೂಲಿ ಜೀನ್ಸ್ ಡಾಂಬರಿನ ಮೇಲೆ ಉಜ್ಜಿದರೆ ಕ್ಷಣದಲ್ಲಿ ಹರಿಯುತ್ತದೆ. ಕನಿಷ್ಠ ಮಂಡಿಗೆ ಗಾರ್ಡ್ ಕಟ್ಟಿ.

7. ಒಣಗಿಸುವುದು, ಬಿಸಾಡುವುದು

ಒದ್ದೆ ಹೆಲ್ಮೆಟ್ಟನ್ನು ಒಲೆಯ ಮೇಲಿನ ಅಟ್ಟಕ್ಕೆ ಏರಿಸಬೇಡಿ, ಬಿಸಿಗೆ ಥರ್ಮಾಕೋಲ್ ಮತ್ತು ಅಂಟು ಹಾಳಾಗುತ್ತವೆ. ಒಳಬಟ್ಟೆ ಬಿಚ್ಚಿ ಫ್ಯಾನಿನ ಕೆಳಗಿಡಿ. ಪೆಟ್ರೋಲಿನಿಂದ ಒರೆಸಬೇಡಿ. ಕನ್ನಡಿಗೆ ನೇತುಹಾಕಿದರೆ ಒಳಪದರ ತೂತು ಬೀಳುತ್ತದೆ.

ಒಮ್ಮೆ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಎಷ್ಟೇ ಚೆಂದ ಕಂಡರೂ ಮುಗಿಯಿತು. ಪೆಟ್ಟು ಬೀಳದಿದ್ದರೂ ಐದು ವರ್ಷಕ್ಕೆ ಬದಲಿಸಿ. ಹಳೆಯದನ್ನು ತೋಟದ ರೈಟರಿಗೋ ಕೆಲಸದ ಹುಡುಗನಿಗೋ ಕೊಡುವ ಔದಾರ್ಯ ಬೇಡ. ಯಾರೂ ಮತ್ತೆ ತೊಡದಂತೆ ಪಟ್ಟಿ ಕತ್ತರಿಸಿ. ನಾಪೋಕ್ಲು ರಸ್ತೆಯಲ್ಲಿ ಬಿದ್ದಾಗ ಹಾಕಿದ್ದ ನನ್ನದು ಈಗ ಗದ್ದೆಯ ಬೆದರುಬೊಂಬೆಯ ತಲೆಯ ಮೇಲಿದೆ. ಹಿರಿಯರು ನೋಡಿ, "ಇದಕ್ಕೂ ದಂಡ ಹಾಕ್ತಾರಾ, ಪಟ್ಟಿ ಕಟ್ಟಿಲ್ಲವಲ್ಲ" ಎಂದರು. ಅವರ ಕೈಯಲ್ಲಿ ಕುಶಾಲನಗರದಿಂದ ತಂದ ಹೊಸ ಡಬ್ಬವಿತ್ತು, 60ರ ಸೈಜಿನದು.