ನೀರಿನ ಜಾಡು ಹಿಡಿದು ಅಲ್ಪುಹಾರ್ರಾದ ಬಿಳಿ ಹಳ್ಳಿಗಳಿಗೆ

ಸ್ಪೇನಿನ ಗ್ರನಾಡಾ ನಗರಕ್ಕೆ ಹೋದವರು ಅಲ್‌ಹಾಂಬ್ರಾ ಅರಮನೆ ನೋಡುತ್ತಾರೆ, ಅದರ ಹಿಂದೆ ಎದ್ದು ನಿಂತ ಸಿಯೆರಾ ನೆವಾಡಾದ ಹಿಮದ ಸಾಲನ್ನು ಮೊಬೈಲಿನಲ್ಲಿ ಸೆರೆಹಿಡಿಯುತ್ತಾರೆ, ಮರುದಿನ ಮುಂದಿನ ಊರಿನ ರೈಲು ಹತ್ತುತ್ತಾರೆ. ಆ ಪರ್ವತದ ಬೆನ್ನಿಗಿರುವ, ಮೆಡಿಟರೇನಿಯನ್ ಕಡಲಿಗೆ ಮುಖ ಮಾಡಿದ ಇಳಿಜಾರಿನ ಹೆಸರು ಅಲ್ಪುಹಾರ್ರಾ. ಕಾರು ಬೇಡ, ಮಾರ್ಗದರ್ಶಕರೂ ಬೇಡ. ಒಂದು ಜೊತೆ ಗಟ್ಟಿ ಬೂಟು ಮತ್ತು ಐದು ದಿನ ಇದ್ದರೆ ಅದನ್ನು ಕಾಲ್ನಡಿಗೆಯಲ್ಲೇ ನೋಡಬಹುದು.

ಒಂದೇ ಕಣಿವೆ ಸಾಕು

ಅಲ್ಪುಹಾರ್ರಾದಲ್ಲಿ ಹತ್ತಾರು ಹಳ್ಳಿಗಳಿವೆ. ಎಲ್ಲವನ್ನೂ ಮುಟ್ಟಿ ಬರುವ ಆಸೆಯನ್ನು ಮೊದಲು ಬಿಡಿ. ಪೊಕೆಯ್ರಾ ಕಣಿವೆಯೊಂದನ್ನೇ ಆರಿಸಿಕೊಳ್ಳಿ. ಒಂದೇ ಮಗ್ಗುಲಲ್ಲಿ ಒಂದರ ಮೇಲೊಂದರಂತೆ ಅಲ್ಲಿ ಮೂರು ಊರುಗಳಿವೆ: ಕೆಳಗೆ ಪಂಪಾನೆಯ್ರಾ, ನಡುವೆ ಬುಬಿಯೋನ್, ಮೇಲೆ ಕಾಪಿಲೆಯ್ರಾ. ಕೆಳಗಿನದು ಸಮುದ್ರಮಟ್ಟದಿಂದ ಸುಮಾರು 1,050 ಮೀಟರ್ ಎತ್ತರದಲ್ಲಿದ್ದರೆ ಮೇಲಿನದು ಸುಮಾರು 1,430 ಮೀಟರ್ ಎತ್ತರದಲ್ಲಿದೆ. ತಂಗಲು ನಾನು ಬುಬಿಯೋನ್ ಅನ್ನೇ ಸೂಚಿಸುತ್ತೇನೆ. ಮೂರರಲ್ಲಿ ಅದೇ ಹೆಚ್ಚು ಶಾಂತ, ಅಲ್ಲಿಂದ ಮೇಲಕ್ಕೂ ಕೆಳಕ್ಕೂ ಕಾಲುದಾರಿಗಳಿವೆ.

ಏಪ್ರಿಲ್‌ನಿಂದ ಜೂನ್, ಇಲ್ಲವೇ ಸೆಪ್ಟೆಂಬರ್ ಮತ್ತು ಅಕ್ಟೋಬರ್ ನಡೆಯಲು ಹಿತವಾದ ತಿಂಗಳುಗಳು. ವಸಂತದಲ್ಲಿ ಮೇಲಿನ ಹಿಮ ಕರಗಿ ಕಾಲುವೆಗಳು ತುಂಬಿರುತ್ತವೆ. ಶರತ್ಕಾಲದಲ್ಲಿ ಚೆಸ್ಟ್‌ನಟ್ ಮರಗಳು ಹಳದಿಗೆ ತಿರುಗುತ್ತವೆ. ಭಾರತದಿಂದ ಹೊರಡುವವರಿಗೆ ಷೆಂಗೆನ್ ವೀಸಾ ಬೇಕು. ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದಲೇ ಹಾಕಬಹುದು. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಮ್ಯಾಡ್ರಿಡ್‌ನಿಂದ ಗ್ರನಾಡಾಕ್ಕೆ ವೇಗದ ರೈಲಿದೆ, ಗ್ರನಾಡಾದಿಂದ ಪಂಪಾನೆಯ್ರಾಕ್ಕೆ ಸುಮಾರು ಎರಡು ಗಂಟೆಯ ಬಸ್ ಪ್ರಯಾಣ. ಬಸ್ಸುಗಳು ದಿನಕ್ಕೆ ಬೆರಳೆಣಿಕೆಯಷ್ಟೇ ಇರುವುದರಿಂದ ವೇಳಾಪಟ್ಟಿಯನ್ನು ಹಿಂದಿನ ದಿನವೇ ನಿಲ್ದಾಣದಲ್ಲಿ ಕೇಳಿ ಖಚಿತಪಡಿಸಿಕೊಳ್ಳಿ.

ನಡೆಯುವ ಮೊದಲು ಮನೆಗಳನ್ನು ನೋಡಿ

ಊರು ತಲುಪಿದ ಮೊದಲ ಸಂಜೆ ಬೆಟ್ಟ ಹತ್ತಬೇಡಿ. ಓಣಿಗಳಲ್ಲಿ ಸುತ್ತಾಡಿ, ತಲೆ ಎತ್ತಿ ಮನೆಗಳನ್ನು ನೋಡಿ. ಸ್ಪೇನಿನ ಬೇರೆಡೆಯ ಹಳ್ಳಿಗಳಲ್ಲಿ ಕಾಣುವ ಕೆಂಪು ಹೆಂಚು ಇಲ್ಲಿಲ್ಲ. ಎಲ್ಲವೂ ಮಟ್ಟಸವಾದ ಮಣ್ಣಿನ ಮಾಳಿಗೆಗಳು. ಚೆಸ್ಟ್‌ನಟ್ ಮರದ ತೊಲೆ, ಅದರ ಮೇಲೆ ಚಪ್ಪಡಿ ಕಲ್ಲು, ಅದರ ಮೇಲೆ ಲೌನಾ ಎಂಬ ಬೂದು ಬಣ್ಣದ ಜೇಡಿ. ಕಲ್ಲು ಸವೆದು ಪುಡಿಯಾಗಿ ಉಂಟಾದ ಈ ಮಣ್ಣು ನೆನೆದಾಗ ಬಿಗಿದುಕೊಂಡು ನೀರನ್ನು ಒಳಗೆ ಬಿಡುವುದಿಲ್ಲ. ಕೃಷ್ಣಪಕ್ಷದಲ್ಲಿ ಹಾಸಿದರೆ ಮಾತ್ರ ಮಾಳಿಗೆ ಸೋರುವುದಿಲ್ಲ ಎಂಬುದು ಅಲ್ಲಿನ ಹಳಬರ ನಂಬಿಕೆ. ಓಣಿಯ ಮೇಲೆ ಸೇತುವೆಯಂತೆ ಹಾಯ್ದು ಒಂದು ಮನೆಯನ್ನು ಇನ್ನೊಂದಕ್ಕೆ ಜೋಡಿಸುವ ಕಟ್ಟಡಕ್ಕೆ ತಿನಾವ್ ಎನ್ನುತ್ತಾರೆ. ಅದರ ನೆರಳಲ್ಲಿ ನಿಂತರೆ ಊರು ಒಂದೇ ದೊಡ್ಡ ಮನೆಯೆಂಬಂತೆ ತೋರುತ್ತದೆ.

ಈ ಮನೆಗಳ ಹಿಂದೆ ನೋವಿನ ಕಥೆಯಿದೆ, ಅದನ್ನು ತಿಳಿದೇ ನಡೆಯಬೇಕು. 1492ರಲ್ಲಿ ಗ್ರನಾಡಾ ಕ್ರೈಸ್ತ ದೊರೆಗಳ ವಶವಾದ ಮೇಲೆ ಈ ಬೆಟ್ಟಗಳ ಮುಸ್ಲಿಮರನ್ನು ಮತಾಂತರಿಸಲಾಯಿತು. ಹಾಗೆ ಮತಾಂತರಗೊಂಡವರನ್ನು ಮೋರಿಸ್ಕೋ ಎಂದು ಕರೆದರು. 1567ರಲ್ಲಿ ಅವರ ಅರಬ್ಬಿ ಭಾಷೆ, ಉಡುಗೆ, ಸ್ನಾನಗೃಹ ಎಲ್ಲದಕ್ಕೂ ನಿಷೇಧ ಬಂತು. 1568ರ ಕ್ರಿಸ್‌ಮಸ್ ಹೊತ್ತಿಗೆ ಅಲ್ಪುಹಾರ್ರಾ ದಂಗೆಯೆದ್ದಿತು. 1571ರ ಹೊತ್ತಿಗೆ ದಂಗೆಯನ್ನು ಹತ್ತಿಕ್ಕಲಾಯಿತು, ಜನರನ್ನು ಹೊರದೂಡಲಾಯಿತು. ಖಾಲಿ ಊರುಗಳಿಗೆ ಉತ್ತರದ ಗಲೀಸಿಯಾ, ಲೆಯೋನ್ ಮುಂತಾದ ಕಡೆಗಳಿಂದ ಒಕ್ಕಲುಗಳನ್ನು ತಂದರು. ಕಾಲುವೆಗಳ ಮರ್ಮವನ್ನು ಹೊಸಬರಿಗೆ ಕಲಿಸಲು ಪ್ರತಿ ಊರಿನಲ್ಲಿ ಎರಡೆರಡು ಮೋರಿಸ್ಕೋ ಕುಟುಂಬಗಳನ್ನು ಉಳಿಸಿಕೊಂಡರೆಂದು ಅಲ್ಲಿ ಇಂದಿಗೂ ಹೇಳುತ್ತಾರೆ.

ಗುರುತು ಓದಲು ಕಲಿಯಿರಿ

ಕಾಲುದಾರಿಗಳ ಬದಿಯ ಬಂಡೆ, ಮರ, ಕಂಬಗಳ ಮೇಲೆ ಬಣ್ಣದ ಪಟ್ಟೆಗಳಿರುತ್ತವೆ. ಬಿಳಿ ಮತ್ತು ಕೆಂಪು ಇದ್ದರೆ ದೂರದ ಹಾದಿ, ಬಿಳಿ ಮತ್ತು ಹಳದಿ ಇದ್ದರೆ ಒಂದೆರಡು ದಿನದೊಳಗಿನ ಹಾದಿ, ಬಿಳಿ ಮತ್ತು ಹಸಿರು ಇದ್ದರೆ ಊರ ಸುತ್ತಲಿನ ಕಿರುಹಾದಿ. ಎರಡು ಪಟ್ಟೆಗಳು ಅಡ್ಡಡ್ಡ ಕತ್ತರಿಸಿದ್ದರೆ ದಾರಿ ತಪ್ಪಿದಿರಿ ಎಂದರ್ಥ. ಹಿಂದಿನ ಕವಲಿಗೆ ಮರಳಿ. ಕವಲು ದಾಟಿ ಹತ್ತು ನಿಮಿಷವಾದರೂ ಗುರುತು ಕಾಣದಿದ್ದರೂ ಹೀಗೇ ಮಾಡಿ. ಕಣಿವೆಯ ತಿರುವುಗಳಲ್ಲಿ ಮೊಬೈಲ್ ಸಂಪರ್ಕವನ್ನು ನೆಚ್ಚಬಾರದು, ಆದ್ದರಿಂದ ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರಿ. ತುರ್ತು ಕರೆಗೆ 112. ದನ, ಮೇಕೆಗಳಿಗಾಗಿ ಹಾಕಿದ ಗೇಟುಗಳನ್ನು ದಾಟಿದ ಮೇಲೆ ಮುಚ್ಚಲು ಮರೆಯಬೇಡಿ.

ಮೊದಲ ದಿನದ ನಡಿಗೆ ಪಂಪಾನೆಯ್ರಾದಿಂದ ಕಾಪಿಲೆಯ್ರಾವರೆಗೆ ಇರಲಿ. ದೂರ ಕಡಿಮೆ, ಏರು ಹೆಚ್ಚು. ನಿಧಾನವಾಗಿ ಹತ್ತಿದರೆ ಎರಡು ಗಂಟೆ. ಎರಡನೆಯ ದಿನ ಕಾಪಿಲೆಯ್ರಾದಿಂದ ಹೊಳೆಗೆ ಇಳಿದು, ಹಳೆಯ ಸೇತುವೆ ದಾಟಿ, ಎದುರು ದಂಡೆಯಲ್ಲಿ ಮೇಲೆ ಸಾಗಿ, ಜಲವಿದ್ಯುತ್ ಕೆಲಸಗಾರರಿಗಾಗಿ ಕಟ್ಟಿ ಈಗ ಪಾಳುಬಿದ್ದಿರುವ ಲಾ ಸೆಬಾದಿಯಾ ಬಿಡಾರದ ಮೂಲಕ ಸುತ್ತಿ ಬನ್ನಿ. ಅರ್ಧ ದಿನ ಬೇಕು. ಮೂರನೆಯ ದಿನಕ್ಕೆ ಜಿಆರ್-7 ಹಾದಿ ಹಿಡಿದು ಬುಬಿಯೋನ್‌ನಿಂದ ಗುಡ್ಡ ದಾಟಿ ಪಿತ್ರೆಸ್ ಕಡೆಗೆ ಹೋಗಿ. ದಕ್ಷಿಣದ ತರೀಫಾದಿಂದ ಅಂಡೋರಾವರೆಗೆ ಸಾಗುವ ಹಾದಿಯ ಒಂದು ತುಣುಕು ಇದು.

ಕಾಲುವೆಯ ಪಕ್ಕದಲ್ಲಿ

ನಡೆಯುವಾಗ ಕಾಲ ಬಳಿ ಸಣ್ಣಗೆ ಹರಿಯುವ ನೀರು ಸಿಕ್ಕರೆ ಅಲ್ಲಿಯೇ ಸ್ವಲ್ಪ ಹೊತ್ತು ನಿಲ್ಲಿ. ಅದು ತೊರೆಯಲ್ಲ, ಅಸೇಕಿಯಾ, ಅಂದರೆ ಮನುಷ್ಯರು ತೋಡಿದ ಕಾಲುವೆ. ಈ ಹೆಸರು ಅರಬ್ಬಿಯಿಂದ ಬಂದದ್ದು. ಇದರಲ್ಲಿ ಎರಡು ಬಗೆ. ಒಂದು ಹೊಲಕ್ಕೆ ನೇರವಾಗಿ ನೀರು ಒಯ್ಯುತ್ತದೆ. ಎರಡನೆಯದು ಇನ್ನೂ ಎತ್ತರದಲ್ಲಿ ಹಿಮ ಕರಗಿದ ನೀರನ್ನು ಇಳಿಜಾರಿಗೆ ಅಡ್ಡಲಾಗಿ ಒಯ್ದು, ಮಣ್ಣು ಸಡಿಲವಿರುವ ಜಾಗದಲ್ಲಿ ಬೇಕೆಂದೇ ಇಂಗಲು ಬಿಡುತ್ತದೆ. ಇಂಗಿದ ನೀರು ಬೆಟ್ಟದೊಳಗೆ ನಿಧಾನವಾಗಿ ಇಳಿದು ವಾರ, ತಿಂಗಳುಗಳ ಬಳಿಕ ಕೆಳಗಿನ ಊರುಗಳ ಒರತೆಗಳಲ್ಲಿ ಮೇಲೇಳುತ್ತದೆ. ವಸಂತದ ನೀರನ್ನು ಬೇಸಿಗೆಗೆ ಕೂಡಿಡುವ ಈ ಉಪಾಯಕ್ಕೆ ಅಣೆಕಟ್ಟೂ ಬೇಕಿಲ್ಲ, ಪಂಪೂ ಬೇಕಿಲ್ಲ. ಯುವಕರು ಊರು ಬಿಟ್ಟು ನಗರ ಸೇರಿದಂತೆ ಹಲವು ಕಾಲುವೆಗಳು ಹೂಳು ತುಂಬಿ ಸತ್ತವು. 2014ರಿಂದ ಗ್ರನಾಡಾ ವಿಶ್ವವಿದ್ಯಾಲಯದ ತಂಡವೊಂದು ಊರವರು, ಸ್ವಯಂಸೇವಕರೊಡನೆ ಗುದ್ದಲಿ ಹಿಡಿದು ಅವುಗಳ ಹೂಳೆತ್ತುತ್ತಿದೆ. ನನಗೆ ಅಲ್ಪುಹಾರ್ರಾದಲ್ಲಿ ಎಲ್ಲಕ್ಕಿಂತ ದೊಡ್ಡ ಸ್ಮಾರಕವಾಗಿ ಕಾಣುವುದು ಈ ಕಾಲುವೆಗಳೇ. ಅವುಗಳ ದಂಡೆಯನ್ನು ತುಳಿದು ಕುಸಿಯುವಂತೆ ಮಾಡಬೇಡಿ, ತೂಬುಗಳನ್ನು ಮುಟ್ಟಬೇಡಿ.

ಊಟದ ವಿಷಯ

ಮಧ್ಯಾಹ್ನದ ಊಟ ಎರಡು ಗಂಟೆಗೆ, ರಾತ್ರಿಯದು ಒಂಬತ್ತಕ್ಕೆ. ನಡುವೆ ಅಂಗಡಿಗಳು ಬಾಗಿಲು ಹಾಕುತ್ತವೆ. ಹಣ್ಣು, ಬ್ರೆಡ್ಡು, ಬಾದಾಮಿ ಬೆಳಗ್ಗೆಯೇ ಕೊಂಡಿಟ್ಟುಕೊಳ್ಳಿ. ಈ ಸೀಮೆ ಹಾಮೋನ್ ಎಂಬ ಒಣಗಿಸಿದ ಹಂದಿ ತೊಡೆಗೆ ಹೆಸರಾದದ್ದು; ತ್ರೆವೇಲೆಸ್ ಊರಿನ ತಣ್ಣನೆಯ ಗಾಳಿಯಲ್ಲಿ ಅದನ್ನು ತಿಂಗಳುಗಟ್ಟಲೆ ತೂಗುಹಾಕಿ ಒಣಗಿಸುತ್ತಾರೆ. ಸಸ್ಯಾಹಾರಿಗಳು ‘ಮಾಂಸ ಬೇಡ’ ಎಂದಷ್ಟೇ ಹೇಳಿದರೆ ಸಾಲದು, ಹಾಮೋನ್ ಚೂರುಗಳು ತಟ್ಟೆಗೆ ಬಂದುಬಿಡಬಹುದು. ‘ಸಿನ್ ಕಾರ್ನೆ, ಸಿನ್ ಹಾಮೋನ್’ ಎಂದು ಎರಡನ್ನೂ ಹೇಳಿ. ಆಲೂಗಡ್ಡೆ, ಈರುಳ್ಳಿ, ದಪ್ಪ ಮೆಣಸಿನಕಾಯಿಯನ್ನು ಆಲಿವ್ ಎಣ್ಣೆಯಲ್ಲಿ ಬೇಯಿಸಿದ ‘ಬಡವರ ಆಲೂಗಡ್ಡೆ’ ಹೊಟ್ಟೆ ತುಂಬಿಸುತ್ತದೆ. ಬಾದಾಮಿ, ಬೆಳ್ಳುಳ್ಳಿ ಅರೆದು ಮಾಡುವ ತಣ್ಣನೆಯ ಬಿಳಿ ಸೂಪು ಸಿಕ್ಕರೆ ಬಿಡಬೇಡಿ.

ಎತ್ತರದ ಆಸೆ ಇದ್ದರೆ

ಐಬೀರಿಯಾ ಪರ್ಯಾಯದ್ವೀಪದ ಅತ್ಯುನ್ನತ ಶಿಖರ, 3,479 ಮೀಟರ್ ಎತ್ತರದ ಮುಲಾಸೇನ್ ಈ ಊರುಗಳ ತಲೆಯ ಮೇಲೆಯೇ ಇದೆ. ಬೇಸಿಗೆಯಲ್ಲಿ ಕಾಪಿಲೆಯ್ರಾದಿಂದ ರಾಷ್ಟ್ರೀಯ ಉದ್ಯಾನದ ಸಣ್ಣ ಬಸ್ಸು ಸುಮಾರು 2,700 ಮೀಟರ್‌ವರೆಗೆ ಒಯ್ಯುತ್ತದೆ, ಮುಂಗಡ ಕಾಯ್ದಿರಿಸಬೇಕು. ಕಣಿವೆಯಲ್ಲಿ ಮೂರು ದಿನ ನಡೆದು ಮೈ ಪಳಗಿದ ಮೇಲೆ ಮಾತ್ರ ಹೋಗಿ. ಹಿಮವಿರುವ ತಿಂಗಳುಗಳಲ್ಲಿ, ಮಂಜುಗಡ್ಡೆಯ ಮೇಲೆ ನಡೆಯುವ ಸಲಕರಣೆ ಮತ್ತು ಅಭ್ಯಾಸ ಇಲ್ಲದವರು ಆ ಕಡೆ ಕಾಲಿಡಬಾರದು.

ಕೊನೆಯ ದಿನವನ್ನು ಎದುರು ದಂಡೆಗೆ ಇಟ್ಟುಕೊಳ್ಳಿ. ಅಲ್ಲಿ, ಸುಮಾರು 1,600 ಮೀಟರ್ ಎತ್ತರದಲ್ಲಿ, 1980ರಲ್ಲಿ ಆರಂಭವಾದ ಓ ಸೆಲ್ ಲಿಂಗ್ ಎಂಬ ಟಿಬೆಟನ್ ಬೌದ್ಧ ಧ್ಯಾನಕೇಂದ್ರವಿದೆ. ಅದಕ್ಕೆ ಆ ಹೆಸರಿಟ್ಟವರು ದಲೈಲಾಮಾ. ಭೇಟಿಗೆ ದಿನದಲ್ಲಿ ಕೆಲವೇ ಗಂಟೆ ಅವಕಾಶ, ಮೊದಲೇ ವಿಚಾರಿಸಿ ಹೊರಡಿ. ಏರು ಕಡಿದು, ನೀರು ಜೊತೆಗಿರಲಿ. ಈ ಕೇಂದ್ರಕ್ಕೆ ದುಡಿದ ಬುಬಿಯೋನ್‌ನ ದಂಪತಿಗೆ 1985ರಲ್ಲಿ ಹುಟ್ಟಿದ ಮಗುವನ್ನು ಕೇಂದ್ರದ ಸ್ಥಾಪಕರಲ್ಲೊಬ್ಬರಾಗಿ ತೀರಿಹೋದ ಟಿಬೆಟನ್ ಗುರು ಲಾಮಾ ಯೇಶೆಯವರ ಪುನರ್ಜನ್ಮವೆಂದು ಗುರುತಿಸಲಾಯಿತು. ಲಾಮಾ ಓಸೆಲ್ ಎಂದು ಹೆಸರಾದ ಆ ಹುಡುಗ ಮುಂದೆ ಓದಿದ್ದು ನಮ್ಮ ಮೈಸೂರು ಜಿಲ್ಲೆಯ ಬೈಲಕುಪ್ಪೆಯ ಸೆರಾ ಮಠದಲ್ಲಿ. ಕೇಂದ್ರದ ಅಂಗಳದಲ್ಲಿ ಟಿಬೆಟನ್ ಬಾವುಟಗಳ ನಡುವೆ ನಿಂತು ಕಣಿವೆಯಾಚೆ ನೋಡಿದರೆ ಮಣ್ಣಿನ ಮಾಳಿಗೆಗಳ ಬುಬಿಯೋನ್ ಕಾಣುತ್ತದೆ.