ಕೊಳವೆಯಿರುವ ಗಿಂಡಿಯನ್ನು ಬ್ಲೆಂಡರ್‌ನಲ್ಲಿ ರೂಪಿಸುವುದು ಹೇಗೆ?

ಕರಾವಳಿಯ ಹಳೆಯ ಮನೆಗಳಲ್ಲಿ ಕೈಕಾಲು ತೊಳೆಯಲು ನೀರು ತುಂಬಿಡುತ್ತಿದ್ದ ಗಿಂಡಿ ನೋಡಲು ಸರಳವಾದ ಪಾತ್ರೆ. ಕಂಪ್ಯೂಟರಿನಲ್ಲಿ ಅದನ್ನು ಮೂರು ಆಯಾಮದಲ್ಲಿ ರೂಪಿಸಲು ಹೊರಟವರಿಗೆ ಮಾತ್ರ ಅದರ ಉಬ್ಬಿದ ಹೊಟ್ಟೆ, ಒಳಬಾಗಿದ ಕತ್ತು, ಹೊರಚಾಚಿದ ಬಾಯಿ ಒಂದೊಂದೂ ಬೇರೆ ಬೇರೆ ಬಗೆಯ ವಕ್ರಮೇಲ್ಮೈಯಾಗಿ ಎದುರಾಗುತ್ತವೆ. ಎಲ್ಲಕ್ಕಿಂತ ಕಷ್ಟದ್ದು, ಹೊಟ್ಟೆಯ ಬದಿಯಿಂದ ಎದ್ದು ಬಾಗುವ ಕೊಳವೆ. ಉಚಿತ ತಂತ್ರಾಂಶವಾದ ಬ್ಲೆಂಡರ್‌ನಲ್ಲಿ, ಸಬ್‌ಡಿವಿಷನ್ ಸರ್ಫೇಸ್ ಎಂಬ ವಿಧಾನದಿಂದ ಇದನ್ನು ರೂಪಿಸುವ ಕ್ರಮ ಇಲ್ಲಿದೆ.

ವಿಧಾನದ ತಿರುಳನ್ನು ಮೊದಲು ತಿಳಿದುಕೊಂಡರೆ ಮುಂದಿನ ಹಂತಗಳು ತಾವಾಗಿಯೇ ಅರ್ಥವಾಗುತ್ತವೆ. ಎಡ್ವಿನ್ ಕ್ಯಾಟ್‌ಮಲ್ ಮತ್ತು ಜೇಮ್ಸ್ ಕ್ಲಾರ್ಕ್ 1978ರಲ್ಲಿ ಪ್ರಕಟಿಸಿದ ನಿಯಮದ ಪ್ರಕಾರ, ಬಿಂದು, ಅಂಚು, ಮುಖಗಳಿಂದ ಹೆಣೆದ ಒರಟು ಜಾಲದ ಪ್ರತಿಯೊಂದು ಮುಖದ ನಡುವೆ ಒಂದು ಹೊಸ ಬಿಂದು ಹುಟ್ಟುತ್ತದೆ. ಪ್ರತಿಯೊಂದು ಅಂಚಿಗೂ, ಅದರ ಎರಡು ತುದಿಗಳು ಮತ್ತು ಅಕ್ಕಪಕ್ಕದ ಎರಡು ಮುಖಗಳ ನಡುಬಿಂದುಗಳ ಸರಾಸರಿಯಲ್ಲಿ ಇನ್ನೊಂದು ಬಿಂದು ಸಿಗುತ್ತದೆ. ಹಳೆಯ ಬಿಂದುಗಳು ನೆರೆಯವುಗಳ ಕಡೆಗೆ ಸ್ವಲ್ಪ ಸರಿಯುತ್ತವೆ. ನಾಲ್ಕು ಮೂಲೆಯ ಒಂದು ಮುಖ ಪ್ರತಿ ಸುತ್ತಿನಲ್ಲಿ ನಾಲ್ಕಾಗುವುದರಿಂದ, 6 ಮುಖಗಳ ಘನಾಕೃತಿ ಎರಡೇ ಸುತ್ತಿನಲ್ಲಿ 96 ಮುಖಗಳ ದುಂಡನೆಯ ಉಂಡೆಯಾಗುತ್ತದೆ. ನುಣುಪು ತರುವ ಕೆಲಸ ಗಣಿತದ್ದು. ನಮ್ಮ ಕೆಲಸ ಕೆಲವೇ ಬಿಂದುಗಳನ್ನು ಸರಿಯಾದ ಜಾಗದಲ್ಲಿ ಇಡುವುದು. ಹೊಸಬರ ಮಾದರಿಗಳಲ್ಲಿ ಕಾಣುವ ತಗ್ಗುದಿಣ್ಣೆಗಳಿಗೆ ಬಹುಮಟ್ಟಿಗೆ ಕಾರಣ ಬಿಂದುಗಳ ಕೊರತೆಯಲ್ಲ, ಬಿಂದುಗಳ ಅತಿಯೇ.

ಮೊದಲನೆಯ ಹಂತದಲ್ಲಿ ಗಿಂಡಿಯ ಪಕ್ಕನೋಟದ ಒಂದು ಚಿತ್ರವನ್ನು ಮುಂಭಾಗದ ನೋಟದಲ್ಲಿ ಹಿನ್ನೆಲೆಯಾಗಿ ಇಟ್ಟುಕೊಳ್ಳಬೇಕು. ಹತ್ತಿರದಿಂದ ತೆಗೆದ ಚಿತ್ರದಲ್ಲಿ ಪಾತ್ರೆಯ ಅಳತೆಗಳು ವಕ್ರವಾಗಿ ಕಾಣುತ್ತವೆ. ಆದ್ದರಿಂದ ದೂರ ನಿಂತು, ಜೂಮ್ ಮಾಡಿ ತೆಗೆದ ಚಿತ್ರವೇ ಮೇಲು.

ಎರಡನೆಯದು ಒಡಲು. ಶಿಫ್ಟ್ ಮತ್ತು ಎ ಕೀಲಿಗಳನ್ನು ಒತ್ತಿ ಒಂದು ವೃತ್ತವನ್ನು ಸೇರಿಸಿ, ಅದರ ಬಿಂದುಗಳ ಸಂಖ್ಯೆಯನ್ನು 32ರಿಂದ 16ಕ್ಕೆ ಇಳಿಸಿ. ಈ 16 ಎಂಬ ಸಂಖ್ಯೆಗೆ ಕಾರಣವಿದೆ, ಕೊಳವೆಯ ಹಂತದಲ್ಲಿ ಅದು ತಿಳಿಯುತ್ತದೆ. ಟ್ಯಾಬ್ ಒತ್ತಿ ಎಡಿಟ್ ಮೋಡ್‌ಗೆ ಹೋಗಿ, ಇ ಕೀಲಿಯಿಂದ ವೃತ್ತವನ್ನು ಮೇಲಕ್ಕೆ ಎಳೆಯುತ್ತ, ಎಸ್ ಕೀಲಿಯಿಂದ ಹಿಗ್ಗಿಸುತ್ತ ಕುಗ್ಗಿಸುತ್ತ ಪಾದದಿಂದ ಬಾಯಿಯವರೆಗೆ ಸಾಗಬೇಕು. ಪಾದ, ಪಾದದ ಮೇಲಿನ ಇರುಕು, ಹೊಟ್ಟೆಯ ಕೆಳಭಾಗ, ಅತಿ ಅಗಲದ ಜಾಗ, ಹೆಗಲು, ಕತ್ತಿನ ಬುಡ, ಕತ್ತಿನ ತುದಿ, ಬಾಯಿ, ಹೀಗೆ 8 ಉಂಗುರಗಳು ಸಾಕು. ತಳವನ್ನು ಗ್ರಿಡ್ ಫಿಲ್ ಆಜ್ಞೆಯಿಂದ ಮುಚ್ಚಿದರೆ ಅಲ್ಲೂ ನಾಲ್ಕು ಮೂಲೆಯ ಮುಖಗಳೇ ಬರುತ್ತವೆ.

ಈಗ ಆಬ್ಜೆಕ್ಟ್ ಮೋಡ್‌ಗೆ ಮರಳಿ ಕಂಟ್ರೋಲ್ ಮತ್ತು 2 ಒತ್ತಿದರೆ ಎರಡು ಸುತ್ತಿನ ಸಬ್‌ಡಿವಿಷನ್ ಮಾಡಿಫೈಯರ್ (ಮೂಲ ಜಾಲವನ್ನು ಬದಲಿಸದೆ ಅದರ ಮೇಲೆ ಪರಿಣಾಮ ತೋರಿಸುವ ಸೌಲಭ್ಯ) ಸೇರುತ್ತದೆ. ಬದಿಯ 112 ಮುಖಗಳು 1792 ಆಗಿ ಕಾಣಿಸುತ್ತವೆ, ಆದರೆ ನೀವು ತಿದ್ದಬೇಕಾದವು ಹಳೆಯ 112 ಮಾತ್ರ. ಉಬ್ಬಿದ ಕಡೆ ನುಣುಪಾದ ಮೇಲ್ಮೈ ಒರಟು ಜಾಲದ ಒಳಗೆ ಕುಗ್ಗಿ ನಿಲ್ಲುವುದರಿಂದ ಹೊಟ್ಟೆ ಚಿತ್ರಕ್ಕಿಂತ ಸಣ್ಣದಾಗಿ ಕಾಣುವುದು ಸಹಜ. ಉಂಗುರಗಳನ್ನು ಚಿತ್ರದ ಗೆರೆಗಿಂತ ತುಸು ಹೊರಗೆ ಎಳೆದರೆ ಇದು ಸರಿಹೋಗುತ್ತದೆ. ಹೊಸ ಉಂಗುರ ಸೇರಿಸುವ ಆಸೆಯನ್ನು ಇಲ್ಲಿ ಹತ್ತಿಕ್ಕಬೇಕು.

ಮೂರನೆಯದೇ ಕೊಳವೆ. ಮಾರ್ಟಿನ್ ನ್ಯೂವೆಲ್ 1975ರಲ್ಲಿ ಯೂಟಾ ವಿಶ್ವವಿದ್ಯಾಲಯದಲ್ಲಿ ರೂಪಿಸಿದ, ಈ ಕ್ಷೇತ್ರದವರಿಗೆಲ್ಲ ಪರಿಚಿತವಾದ ಟೀಪಾಟ್‌ನಲ್ಲಿ ಕೊಳವೆ ಒಡಲಿಗೆ ಬೆಸೆದುಕೊಂಡಿಲ್ಲ, ಅದರೊಳಗೆ ತೂರಿಕೊಂಡಿದೆ ಅಷ್ಟೇ. ಅದನ್ನು ಬೆಜಿಯೆ ತುಂಡುಗಳಿಂದ, ಅಂದರೆ ಕೆಲವು ನಿಯಂತ್ರಣ ಬಿಂದುಗಳು ಆಕಾರ ಕೊಡುವ ವಕ್ರಮೇಲ್ಮೈಯ ಚೂರುಗಳಿಂದ, ಕಟ್ಟಲಾಗಿತ್ತು. ಅಂಥ ತುಂಡುಗಳನ್ನು ಕವಲೊಡೆಯುವ ಜಾಗದಲ್ಲಿ ನುಣುಪಾಗಿ ಜೋಡಿಸುವುದು ಬಲು ತೊಡಕಿನ ಕೆಲಸ. ಸಬ್‌ಡಿವಿಷನ್ ವಿಧಾನದಲ್ಲಿ ಇಡೀ ಪಾತ್ರೆ ಒಂದೇ ಜಾಲವಾದ್ದರಿಂದ ಆ ತೊಡಕಿಲ್ಲ.

ಹೊಟ್ಟೆಯ ಮೇಲೆ, ಅಡ್ಡಕ್ಕೆ ಎರಡು ಮತ್ತು ಉದ್ದಕ್ಕೆ ಎರಡರಂತೆ ನಾಲ್ಕು ಮುಖಗಳನ್ನು ಆರಿಸಿ, ಐ ಕೀಲಿಯಿಂದ ಅವುಗಳನ್ನು ಒಳಕ್ಕೆ ತುಸು ಕುಗ್ಗಿಸಿ, ನಡುವಿನ ಮುಖಗಳನ್ನು ಅಳಿಸಿ. ಉಳಿದ ರಂಧ್ರದ ಸುತ್ತ ಸರಿಯಾಗಿ 8 ಬಿಂದುಗಳಿರುತ್ತವೆ; ಕೊಳವೆಗೆ ಬೇಕಾದದ್ದೂ ಅಷ್ಟೇ. ಒಡಲಿಗೆ 32 ಬಿಂದು ಕೊಟ್ಟಿದ್ದರೆ ಅಷ್ಟೇ ದಪ್ಪದ ಕೊಳವೆಗೆ ಅಡ್ಡಕ್ಕೆ ನಾಲ್ಕು ಮುಖಗಳು ಬೇಕಾಗಿ, ತಿದ್ದುವ ಕೆಲಸ ಎರಡು ಪಟ್ಟಾಗುತ್ತಿತ್ತು. ರಂಧ್ರದ ಉಂಗುರವನ್ನು ಆರಿಸಿಕೊಂಡು ಶಿಫ್ಟ್, ಆಲ್ಟ್ ಮತ್ತು ಎಸ್ ಒತ್ತಿ, 1 ಎಂದು ಟೈಪ್ ಮಾಡಿದರೆ ಅದು ದುಂಡಗಾಗುತ್ತದೆ. ಅದನ್ನೇ ಹೊರಕ್ಕೆ ಎಳೆದು, ಆರ್ ಕೀಲಿಯಿಂದ ತಿರುಗಿಸಿ, ತುಸು ಕುಗ್ಗಿಸಿ, ಮತ್ತೆ ಎಳೆಯಬೇಕು. ಪ್ರತಿಯೊಂದು ಉಂಗುರವೂ ಕೊಳವೆ ಸಾಗುವ ದಿಕ್ಕಿಗೆ ಲಂಬವಾಗಿ ನಿಲ್ಲಬೇಕು; ಇಲ್ಲದಿದ್ದರೆ ಬಾಗುವ ಜಾಗದಲ್ಲಿ ಕೊಳವೆ ಚಪ್ಪಟೆಯಾಗುತ್ತದೆ. ಬಾಗಿಗೆ ಮೂರು ಉಂಗುರ, ನೇರ ಭಾಗಕ್ಕೆ ಎರಡು ತುದಿಗಳಲ್ಲಿ ಒಂದೊಂದು ಸಾಕು.

ಬೆಸುಗೆಯ ಜಾಗದ ನಾಲ್ಕು ಮೂಲೆಗಳಲ್ಲಿ ಐದೈದು ಅಂಚುಗಳು ಒಂದೇ ಬಿಂದುವಿನಲ್ಲಿ ಕೂಡುವುದನ್ನು ಗಮನಿಸಿ. ನಾಲ್ಕು ಅಂಚುಗಳು ಕೂಡುವ ಕಡೆ ಮೇಲ್ಮೈಯ ಬಾಗು ಅಖಂಡವಾಗಿ ಹರಿಯುತ್ತದೆ. ಐದು ಕೂಡುವ ಕಡೆ ಬಾಗಿನ ಪ್ರಮಾಣ ಸ್ವಲ್ಪ ಮುಗ್ಗರಿಸುತ್ತದೆ. ಕವಲೊಡೆಯುವ ಆಕಾರದಲ್ಲಿ ಇಂಥ ಬಿಂದುಗಳನ್ನು ಪೂರ್ತಿ ತಪ್ಪಿಸಲಾಗದು, ಎಲ್ಲಿರಬೇಕೆಂದು ನಿರ್ಧರಿಸಬಹುದು. ಅವುಗಳನ್ನು ಬೆಸುಗೆಯ ತೀವ್ರ ತಿರುವಿನಿಂದ ದೂರಕ್ಕೆ, ಹೊಟ್ಟೆಯ ಸಮತಟ್ಟಾದ ಕಡೆಗೆ ಸರಿಸಿ.

ಬಾಯಿ ಮತ್ತು ಪಾದದ ಅಂಚುಗಳು ಚೂಪಾಗಬೇಕಾದರೆ ಕಂಟ್ರೋಲ್ ಮತ್ತು ಆರ್ ಒತ್ತಿ ಪಕ್ಕದಲ್ಲೇ ಇನ್ನೊಂದು ಉಂಗುರವನ್ನು ಸೇರಿಸಿ. ಎರಡೂ ಹತ್ತಿರವಾದಷ್ಟು ಅಂಚು ಚೂಪು. ಆರಿಸಿದ ಅಂಚು ನುಣುಪಾಗದಂತೆ ತಡೆಯುವ ಕ್ರೀಸ್ ಸೌಲಭ್ಯದಿಂದಲೂ ಇದನ್ನು ಮಾಡಬಹುದು, ಆದರೆ ಅದನ್ನು ಪೂರ್ತಿಯಾಗಿ ಬಳಸಿದರೆ ಅಂಚು ಕತ್ತಿಯಂತೆ ಕಾಣುತ್ತದೆ. ನಿಜವಾದ ಲೋಹದ ಪಾತ್ರೆಯ ಅಂಚಿನಲ್ಲಿ ಬೆಳಕು ಹಿಡಿಯುವಷ್ಟು ದುಂಡು ಇದ್ದೇ ಇರುತ್ತದೆ. ತಗಡಿನ ದಪ್ಪಕ್ಕೆ ಸಾಲಿಡಿಫೈ ಮಾಡಿಫೈಯರ್ ಸೇರಿಸಿ, ಪಟ್ಟಿಯಲ್ಲಿ ಅದನ್ನು ಸಬ್‌ಡಿವಿಷನ್‌ಗಿಂತ ಮೇಲೆ ಇರಿಸಿ. ಹಾಗಿದ್ದರೆ ಮಾತ್ರ ಬಾಯಿಯ ಅಂಚೂ ದುಂಡಗಾಗುತ್ತದೆ. ಅದಕ್ಕೂ ಮೊದಲು ಸ್ಕೇಲ್ ಅನ್ನು ಅಪ್ಲೈ ಮಾಡದಿದ್ದರೆ, ಅಂದರೆ ಹಿಗ್ಗಿಸಿ ಕುಗ್ಗಿಸಿದ ಅಳತೆಯನ್ನೇ ಮೂಲ ಅಳತೆಯಾಗಿ ಸ್ಥಿರಪಡಿಸದಿದ್ದರೆ, ದಪ್ಪ ಹೇಳಿದಷ್ಟು ಬರುವುದಿಲ್ಲ.

ಪರೀಕ್ಷೆಗೆ ಬೂದು ಬಣ್ಣದ ನೋಟವನ್ನು ನಂಬಬಾರದು. ಪಟ್ಟೆಪಟ್ಟೆಯಾದ ಪ್ರತಿಫಲನ ತೋರಿಸುವ ಮ್ಯಾಟ್‌ಕ್ಯಾಪ್ (ಮಾದರಿಗೆ ಸಿದ್ಧ ಬೆಳಕು-ನೆರಳು ಹೊದಿಸುವ ನೋಟ) ಆರಿಸಿ ಮಾದರಿಯನ್ನು ನಿಧಾನವಾಗಿ ತಿರುಗಿಸಿ ನೋಡಿ. ಪಟ್ಟೆ ಎಲ್ಲಿ ನಡುಗುತ್ತದೋ ಅಲ್ಲಿ ಒಂದು ಬಿಂದು ಸಾಲು ತಪ್ಪಿದೆ ಎಂದರ್ಥ.

ಕಂಪ್ಯೂಟರ್ ಆಟಕ್ಕೆ ಬಳಸುವುದಾದರೆ ಒಂದೇ ಸುತ್ತಿನ ಸಬ್‌ಡಿವಿಷನ್ ಉಳಿಸಿಕೊಳ್ಳಿ. 3ಡಿ ಮುದ್ರಕದಲ್ಲಿ ಮುದ್ರಿಸುವುದಾದರೆ ಮೂರು ಸುತ್ತು ಕೊಟ್ಟು, ಆ ಮುದ್ರಣಕ್ಕೆ ಬಳಸುವ ಎಸ್‌ಟಿಎಲ್ ಬಗೆಯ ಕಡತವಾಗಿ ಹೊರತೆಗೆಯಿರಿ. ಬ್ಲೆಂಡರ್ ಮೀಟರ್ ಎಂದುಕೊಂಡ ಸಂಖ್ಯೆಯನ್ನು ಮುದ್ರಣದ ತಂತ್ರಾಂಶಗಳು ಸಾಮಾನ್ಯವಾಗಿ ಮಿಲಿಮೀಟರ್ ಎಂದು ಓದುವುದರಿಂದ, ಹೊರತೆಗೆಯುವಾಗ ಸ್ಕೇಲ್ 1000 ಇದೆಯೇ ಎಂದು ನೋಡಿಕೊಳ್ಳಿ.